ಸಾಬೀತಾಗದ ಸಸ್ಯಾಹಾರಿ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ವಿಜಾಪುರದ ಬದ್ರುದ್ದೀನ್ ಸಾಹೇಬರು. ಅವರು ಟೌರಂಗಾದಲ್ಲಿ ಇದು ನಡೆದ ಕಚೇರಿಯಲ್ಲೇ ಲೆಕ್ಕಪತ್ರ ನೋಡುತ್ತಿದ್ದವರು, ನಡೆದದ್ದನ್ನು ಪಕ್ಕದಲ್ಲೇ ಕೂತು ಕಂಡವರು. ಸುಳ್ಳು ಹೇಳುವ ಮನುಷ್ಯರಲ್ಲ. ಅವರು ಹೇಳಿದ್ದಕ್ಕೆ ನಾನು ಉಪ್ಪು ಖಾರ ಹಚ್ಚಿಲ್ಲ. ಹಚ್ಚುವ ಅಗತ್ಯ ಬೀಳಲಿಲ್ಲ.

ನ್ಯೂಜಿಲೆಂಡ್ ದೇಶದಲ್ಲಿ ಕಿವಿಹಣ್ಣು ಕೀಳುವುದು ಮಾರ್ಚಿನಿಂದ ಜೂನ್‌ವರೆಗೆ. ಡಿಸೆಂಬರಿನಲ್ಲಿ ಹಣ್ಣು ಬಳ್ಳಿಯಲ್ಲಿರುತ್ತದೆ, ಹಣ್ಣಿನ ಅಧಿಕಾರಿಗಳು ಕುರ್ಚಿಯಲ್ಲಿರುತ್ತಾರೆ. ಹೀಗಾಗಿ ಟೌರಂಗಾದ ಹಣ್ಣಿನ ಟ್ರೇ ಅಳತೆ ಮಂಡಳಿಯಲ್ಲಿ ಆ ತಿಂಗಳು ಇರುತ್ತಿದ್ದ ಕೆಲಸ ಒಂದೇ: ಕ್ರಿಸ್ಮಸ್ ಊಟ. ವರ್ಷವಿಡೀ ಟ್ರೇಗಳ ಉದ್ದ ಅಗಲ ಅಳೆದು ಪಳಗಿದ ಕೈಗಳು ಆ ಒಂದು ತಿಂಗಳು ಊಟವನ್ನು ಅಳೆಯುತ್ತಿದ್ದವು. ಅದಕ್ಕೊಂದು ಸಮಿತಿ, ಸಮಿತಿಗೆ ರೇವಿನ್ ಎಂಬ ಕಾರ್ಯದರ್ಶಿ, ಆಕೆಯ ಮೇಲೆ ಮುಖ್ಯಾಧಿಕಾರಿ ನೆವಿಲ್.

ಶಿವಪುತ್ರಪ್ಪನವರು ಆ ಮಂಡಳಿಯ ಹಿರಿಯ ಅಳತೆ ಅಧಿಕಾರಿ. ಗದಗ ಸೀಮೆಯವರು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸದೆ ಕಾರಿನ ಕೀಲಿ ಮುಟ್ಟಿದವರಲ್ಲ. ಮೊಟ್ಟೆಯನ್ನು ಹತ್ತಿರದಿಂದ ಕೂಡ ನೋಡಿದವರಲ್ಲ. ಅವರ ಮನೆತನದಲ್ಲಿ ಎರಡು ರೀತಿಗಳಿದ್ದವು. ಒಂದು, ಯಾರಾದರೂ ಉಣ್ಣಲು ಕೊಟ್ಟರೆ ತಟ್ಟನೆ ಕೈ ಒಡ್ಡಬಾರದು. ಮೊದಲ ಸಲ ಬ್ಯಾಡ ಅನ್ನಬೇಕು, ಎರಡನೆಯ ಸಲ ಸಾಕು ಅನ್ನಬೇಕು, ಮೂರನೆಯ ಸಲ ಒತ್ತಾಯ ಮಾಡಿದರೆ ಸ್ವಲ್ಪ ಹಾಕ್ರಿ ಅನ್ನಬೇಕು. ಇನ್ನೊಂದು, ಪಕ್ಕದವರಿಗೆ ಕೊಡದೆ ತಾನು ಬಾಯಿಗೆ ಇಟ್ಟುಕೊಳ್ಳಬಾರದು. ಇವೆರಡೂ ಸಜ್ಜನರ ರೀತಿಗಳೇ. ಆದರೆ ಟೌರಂಗಾದಲ್ಲಿ ಇವು ಯಾರಿಗೂ ಗೊತ್ತಿರಲಿಲ್ಲ.

ಇಸವಿ ಎರಡು ಸಾವಿರದ ಮೂರು. ಗೋದಾಮಿನ ಹಿಂದಿನ ಅಂಗಳದಲ್ಲಿ ಊಟ. ಪೊಹುಟುಕಾವಾ ಮರ ಕೆಂಪು ಹೂ ಬಿಟ್ಟು ನಿಂತಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಮೇಜಿನ ನಡುವೆ ದೇವರ ಜಾಗದಲ್ಲಿ ಹ್ಯಾಮ್ ಎಂಬ ಹಂದಿಯ ತೊಡೆ ಕೂತಿತ್ತು. ಸಲಾಡ್ ಇತ್ತು, ಅದರಲ್ಲಿ ಹಂದಿಯ ಚೂರು. ಆಲೂಗಡ್ಡೆ ಇತ್ತು, ಅದರ ಮೈತುಂಬ ಮೊಟ್ಟೆಯ ಲೇಪ. ಪಾವ್ಲೋವಾ ಎಂಬ ಬೆಳ್ಳಗಿನ ಸಿಹಿ ಇತ್ತು, ಅದು ಇಡಿಯಾಗಿ ಮೊಟ್ಟೆಯದೇ ಕಟ್ಟಡ. ಶಿವಪುತ್ರಪ್ಪನವರು ಅಲಂಕಾರಕ್ಕೆ ಇಟ್ಟ ಸೊಪ್ಪನ್ನು ನೋಡುತ್ತಿದ್ದಾಗ ರೇವಿನ್ ಬಂದು, ಪಾಲಕ್ ತುಂಬಿದ ಪೈ ಎಂಬ ಒಂದು ಕಡುಬನ್ನು ಅವರ ಮುಂದಿಟ್ಟು, “ಇದು ನಿಮಗಾಗಿಯೇ ತರಿಸಿದ್ದು” ಎಂದು ಹೇಳಿ ಹೋದಳು.

ಪಕ್ಕದಲ್ಲಿ ಬದ್ರುದ್ದೀನ್ ಸಾಹೇಬರು ಖಾಲಿ ತಟ್ಟೆ ಹಿಡಿದು ಕೂತಿದ್ದರು. ಅಲ್ಲಿದ್ದ ಮಾಂಸ ಹಲಾಲ್ ಅಲ್ಲದ್ದರಿಂದ, ಹಂದಿ ಮುಟ್ಟಿದ ಚಮಚವೇ ಎಲ್ಲ ಪಾತ್ರೆಗೂ ಹೋಗುತ್ತಿದ್ದುದರಿಂದ ಅವರಿಗೂ ಮೇಜಿನ ಮೇಲೆ ಏನೂ ಇರಲಿಲ್ಲ.

“ತಗೋರಿ ಸಾಹೇಬ್ರ,” ಎಂದರು ಶಿವಪುತ್ರಪ್ಪ, ಪೈಯನ್ನು ಅತ್ತ ಸರಿಸಿ.

“ಛೇ ಛೇ. ನಿಮಗಂತ ತರಿಸ್ಯಾರ, ನೀವು ತಗೋರಿ.” ಪೈ ಇತ್ತ ಬಂತು.

“ಅರ್ಧಾ ಆದರೂ ತಗೋರಿ.”

“ನನಗ ಹಸಿವಿಲ್ರಿ ಶಿವಪುತ್ರಪ್ಪನವ್ರ. ಬೆಳಿಗ್ಗೆ ಭಾಳ ನಾಷ್ಟಾ ಆಗೇತಿ.”

“ಸುಳ್ಳ ಹೇಳಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ. ತಗೋರಿ.”

“ನೀವು ಮೊದ್ಲ ತಗೊಂಡ್ರ ನಾ ತಗೋತೀನಿ.”

“ನೀವು ತಗೊಳ್ಳದ ನಾ ಹ್ಯಾಂಗ ತಗೊಳ್ಳಲಿ?”

ಪೈ ಹೀಗೆ ಅತ್ತಿಂದಿತ್ತ ಓಡಾಡಿ ಓಡಾಡಿ ತಣ್ಣಗಾಯಿತು. ಎದುರಿಗೆ ಕೂತಿದ್ದ ನೆವಿಲ್ ಇದನ್ನೆಲ್ಲ ಗಮನವಿಟ್ಟು ನೋಡುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಡ್ಡ ಹಿಡಿದ ಕೈ ಎಂದರೆ ಬೇಡ ಎಂಬುದು ಅವರಿಗೆ ಗೊತ್ತಿತ್ತು. ಇಬ್ಬರಿಗೂ ಬೇಡದ ಪದಾರ್ಥ ಹಾಳಾಗಬಾರದೆಂಬ ಸದುದ್ದೇಶದಿಂದ ಅವರು ಕೈ ಚಾಚಿ ಪೈಯನ್ನು ಎತ್ತಿಕೊಂಡು ತಿಂದರು. ಚೆನ್ನಾಗಿದೆ ಎಂದೂ ಹೇಳಿದರು.

ಸಮಿತಿಯ ನಡಾವಳಿಯಲ್ಲಿ ಅಂದು ಹೀಗೆ ಬರೆಯಲಾಯಿತು: “ಸಸ್ಯಾಹಾರಿ ಸಿಬ್ಬಂದಿಗೆ ಸಸ್ಯಾಹಾರ ನೀಡಲಾಯಿತು. ಸದರಿಯವರು ಅದನ್ನು ಪದೇಪದೇ ನಿರಾಕರಿಸಿದರು. ಮುಖ್ಯಾಧಿಕಾರಿಗಳು ಖುದ್ದಾಗಿ ವಿಲೇವಾರಿ ಮಾಡಿದರು.”

ಮನೆಗೆ ಬಂದಾಗ ಹೆಂಡತಿ ಬಸಲಿಂಗವ್ವನವರು ಬಾಗಿಲಲ್ಲೇ ಕೇಳಿದರು, “ಊಟಾ ಆತೇನ್ರಿ?”

ಶಿವಪುತ್ರಪ್ಪನವರಿಗೆ ಸುಳ್ಳು ಹೇಳುವ ರೂಢಿ ಇಲ್ಲ. “ಎಲ್ಲಾರದೂ ಆತು,” ಅಂದರು.

“ನಾ ಎಲ್ಲಾರದು ಕೇಳಿಲ್ಲ.”

ಅವರು ಚಪ್ಪಲಿ ಬಿಡುವುದರಲ್ಲಿ ಮಗ್ನರಾದರು. ಬಸಲಿಂಗವ್ವನವರು ಒಲೆ ಹಚ್ಚಿ ಹಂಚು ಇಟ್ಟರು.

ಮರುವರ್ಷ ಸಮಿತಿ ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿತು. ಸಸ್ಯಾಹಾರಿಗೆ ಪೈ ಹಿಡಿಸುವುದಿಲ್ಲವೆಂದು ಸಾಬೀತಾಗಿರುವುದರಿಂದ ಅವರು ತಮ್ಮ ಊಟವನ್ನು ಮನೆಯಿಂದಲೇ ಮುಚ್ಚಿದ ಡಬ್ಬಿಯಲ್ಲಿ ತರತಕ್ಕದ್ದು, ಬೇರೆ ಯಾರೂ ಅದನ್ನು ಕೇಳತಕ್ಕದ್ದಲ್ಲ ಎಂದು ಆಜ್ಞೆ ಹೊರಟಿತು. ಬಸಲಿಂಗವ್ವನವರು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಎರಡು ಹೋಳಿಗೆ ಕಟ್ಟಿಕೊಟ್ಟರು. “ಯಾರಿಗೂ ಕೊಡಬ್ಯಾಡ್ರಿ ಮತ್ತ,” ಎಂದು ಕೈ ಮುಗಿದು ಹೇಳಿದರು.

ಆಜ್ಞೆಯಂತೆ ಯಾರೂ ಕೇಳಲಿಲ್ಲ. ಆದರೆ ಕೊಡಬಾರದೆಂದು ಆಜ್ಞೆಯಲ್ಲಿ ಇರಲಿಲ್ಲ. ಡಬ್ಬಿ ತೆರೆದ ಕೂಡಲೇ ಎಣ್ಣೆಗಾಯಿಯ ಪರಿಮಳ ಹ್ಯಾಮಿನ ಮೇಲಿಂದ ಹಾದು ಅಂಗಳದ ಆ ತುದಿ ಮುಟ್ಟಿತು. ರೇವಿನ್ ಮೂಗು ಅರಳಿಸಿ ನಿಂತಳು. ಹೆಣ್ಣುಮಗಳು ನೋಡುತ್ತ ನಿಂತಿರುವಾಗ ತುತ್ತು ಎತ್ತುವುದು ಹೇಗೆ? “ಒಂದು ಚೂರು ರುಚಿ ನೋಡಿ,” ಎಂದರು ಶಿವಪುತ್ರಪ್ಪ. ಆಕೆ ಮೊದಲ ಸಲಕ್ಕೇ ಹೂಂ ಅಂದಳು. ಆ ಸೀಮೆಯಲ್ಲಿ ಎಲ್ಲರೂ ಮೊದಲ ಸಲಕ್ಕೇ ಹೂಂ ಅನ್ನುತ್ತಾರೆ. ಶಿವಪುತ್ರಪ್ಪನವರು ಅಲ್ಲಿಯ ಜನಕ್ಕೆ ಬ್ಯಾಡ ಅನ್ನಲು ಮೂರು ಸಲ ಅವಕಾಶ ಕೊಟ್ಟರು, ಯಾರೂ ಬಳಸಿಕೊಳ್ಳಲಿಲ್ಲ. ಎರಡನೆಯ ಹೋಳಿಗೆಯನ್ನು ನೆವಿಲ್ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು, ಕಡತಕ್ಕೆ ಮಾದರಿ ಬೇಕೆಂದು.

“ಊಟಾ ಆತೇನ್ರಿ?” ಎಂದರು ಬಸಲಿಂಗವ್ವ, ಖಾಲಿ ಡಬ್ಬಿ ಕೈಯಲ್ಲಿ ತೂಗಿ ನೋಡುತ್ತ.

“ಡಬ್ಬಿ ಖಾಲಿ ಆತು.”

“ಡಬ್ಬಿ ಹೊಟ್ಟಿ ಖಾಲಿ ಆತು, ನಿಮ್ಮ ಹೊಟ್ಟಿ?”

ಕಾಲೇಜಿಗೆ ಹೋಗುವ ಮಗಳು ಪ್ರಾಚಿ ಸೋಫಾದಿಂದಲೇ, “ಡ್ಯಾಡ್, ಜಸ್ಟ್ ಈಟ್ ಇಟ್. ಇಟ್ಸ್ ನಾಟ್ ಹಾರ್ಡ್,” ಅಂದಳು. ಆಕೆ ಹುಟ್ಟಿದ್ದು ಅಲ್ಲೇ. ಆಕೆಗೆ ಕಷ್ಟ ತಿಳಿಯುವುದಿಲ್ಲ.

ಆವತ್ತೇ ಬಸಲಿಂಗವ್ವನವರು ಒಂದು ನಿರ್ಧಾರ ತಿಳಿಸಿದರು. ಅವರ ತಮ್ಮ ನಂದೀಶ ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ ಇದ್ದ. ಅಲ್ಲಿ ಓಣಿಗೆ ಹತ್ತು ನಮ್ಮ ಮನೆಗಳು, ಹಬ್ಬಕ್ಕೆ ಕರೆದು ಉಣ್ಣಿಸುವ ಮಂದಿ. “ಬರೂ ವರ್ಷನೂ ಹಸಕೊಂಡು ಬಂದ್ರಿ ಅಂದ್ರ ನಾವು ಗಂಟುಮೂಟಿ ಕಟ್ಟೂದ. ಫ್ಲ್ಯಾಟ್ ಬುಷ್‌ಗೆ ಹೋಗೂದ. ವರ್ಷಕ್ಕೊಮ್ಮೆ ಹಬ್ಬದ ದಿನಾ ಗಂಡ ಉಪವಾಸ ಬರೂದನ್ನ ನಾ ನೋಡಾಂಗಿಲ್ಲ.”

ಶಿವಪುತ್ರಪ್ಪನವರಿಗೆ ಊರು ಬಿಡುವ ಮನಸ್ಸಿರಲಿಲ್ಲ. ಟೌರಂಗಾದ ಬಂದರಿನ ಗಾಳಿ, ಹಿತ್ತಲಿನ ಮೆಂತ್ಯದ ಮಡಿ, ಟ್ರೇ ಅಳೆಯುವ ತಮ್ಮ ಟೇಪು, ಇವನ್ನೆಲ್ಲ ಅವರು ಮನಸ್ಸಿಗೆ ಹಚ್ಚಿಕೊಂಡಿದ್ದರು. ಬಸಲಿಂಗವ್ವನವರು ಸುಮ್ಮನೆ ಬೆದರಿಸುವ ಪೈಕಿ ಅಲ್ಲ. ಹಿಂದೆ ಒಮ್ಮೆ ಹೀಗೆಯೇ ಹೇಳಿ ಗದಗಿನಿಂದ ಇಲ್ಲಿಯ ತನಕ ಕರೆತಂದವರು.

ಇತ್ತ ಸಮಿತಿ ಕೂಡ ಸುಮ್ಮನೆ ಕೂರಲಿಲ್ಲ. ಒಂದು ಡಬ್ಬಿ ಊಟಕ್ಕೆ ಇಡೀ ಕಚೇರಿ ಕೈ ಚಾಚಿದ್ದನ್ನು ಗಮನಿಸಿ, ಸಸ್ಯಾಹಾರದ ಬೇಡಿಕೆ ನಲವತ್ತು ಪಟ್ಟು ಹೆಚ್ಚಿದೆ ಎಂದು ವರದಿ ಸಿದ್ಧಪಡಿಸಿತು. ಎರಡು ಸಾವಿರದ ಐದರ ಊಟಕ್ಕೆ ಎಲ್ಲರಿಗೂ ಸಾಕಾಗುವಷ್ಟು ಅಡುಗೆ ಮಾಡಿಕೊಡಬೇಕೆಂದು ಬಸಲಿಂಗವ್ವನವರನ್ನು ಕೇಳಿಕೊಂಡಿತು. ಅವರು ಯೋಚಿಸಿ ಒಪ್ಪಿದರು. ಅಷ್ಟು ಮಾಡಿದರೆ ಗಂಡನ ಪಾಲಿಗೆ ಒಂದು ರೊಟ್ಟಿಯಾದರೂ ಉಳಿದೀತು ಎಂಬುದು ಅವರ ಲೆಕ್ಕ. ನಂದೀಶನಿಗೆ ಫೋನ್ ಮಾಡಿ ಜೋಳದ ಹಿಟ್ಟು ತರಿಸಿದರು.

ಅಡುಗೆಯ ಗುಣಮಟ್ಟ ಪರಿಶೀಲಿಸಲು ನೆವಿಲ್ ಐದು ಜನರೊಡನೆ ಅವರ ಮನೆಗೆ ಭೇಟಿ ಕೊಟ್ಟರು. ತಿಂದರು, ಆದರೆ ಟಿಪ್ಪಣಿ ಮಾಡಿಕೊಳ್ಳುವುದು ಮರೆತುಹೋಯಿತು. ಆದ್ದರಿಂದ ಪರಿಶೀಲನೆ ಸಿಂಧುವಾಗಲಿಲ್ಲ. ಮರುವಾರ ಮತ್ತೆ ಬಂದರು. ಆಗ ಪೆನ್ನು ಮರೆತಿದ್ದರು.

ನವೆಂಬರ್ ಕೊನೆಯಲ್ಲಿ ಸೂಚನಾಫಲಕದ ಮೇಲೆ ಪ್ರಕಟಣೆ ಬಂತು.

“ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಸಸ್ಯಾಹಾರವು ಸಸ್ಯಾಹಾರಿಗಳಿಗೆ ಮಾತ್ರ ಮೀಸಲು. ಸಸ್ಯಾಹಾರಿ ಶ್ರೀ ಶಿವಪುತ್ರಪ್ಪನವರ ಹಿತರಕ್ಷಣೆಗಾಗಿ ಈ ನಿಯಮ ಮಾಡಲಾಗಿದೆ. ಡಿಸೆಂಬರ್ ತಿಂಗಳ ಮಟ್ಟಿಗೆ ಸಸ್ಯಾಹಾರಿಯಾಗಲು ಇಚ್ಛಿಸುವವರು ಅರ್ಜಿ ಸಲ್ಲಿಸಬಹುದು. ಅರ್ಜಿದಾರರು ಸಸ್ಯಾಹಾರ ಸೇವಿಸಿದ್ದನ್ನು ಕಂಡ ಇಬ್ಬರು ನೌಕರರ ಸಾಕ್ಷಿ ಕಡ್ಡಾಯ. ಸಾಬೀತಾಗದವರಿಗೆ ಹ್ಯಾಮ್ ನೀಡಲಾಗುವುದು.”

ಎಲ್ಲರೂ ಅರ್ಜಿ ಹಾಕಿದರು. ನೆವಿಲ್ ಆಲೂಗಡ್ಡೆ ಚಿಪ್ಸ್ ತಿಂದದ್ದಕ್ಕೆ ಸಾಕ್ಷಿ ಸಿಕ್ಕಿತು. ರೇವಿನ್ ಸಾಸೇಜಿನ ಮೇಲೆ ಟೊಮೆಟೊ ಸಾಸ್ ಹಾಕಿಕೊಂಡದ್ದನ್ನು ಇಬ್ಬರು ನೋಡಿದ್ದರು. ಟೊಮೆಟೊ ಸಸ್ಯವೇ ಎಂದು ಸಮಿತಿ ದೃಢಪಡಿಸಿಕೊಂಡಿತು. ಬದ್ರುದ್ದೀನ್ ಸಾಹೇಬರಿಗೆ ಒಂದು ಬಾಳೆಹಣ್ಣಿನ ಬಲದ ಮೇಲೆ ಪ್ರಮಾಣಪತ್ರ ಬಂತು. ಅಂಗಳದಲ್ಲಿ ಟ್ರೇ ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವ ಬ್ಯಾರಿ ಎಂಬ ಹೆಸರಿನವನೊಬ್ಬ ಮಾತ್ರ, ತನಗೆ ಹ್ಯಾಮೇ ಸೇರುತ್ತದೆ ಎಂದು ಅರ್ಜಿ ಹಾಕಲಿಲ್ಲ. ಕಚೇರಿ ಅವನನ್ನು ಕನಿಕರದಿಂದ ನೋಡಿತು.

ಶಿವಪುತ್ರಪ್ಪನವರ ಅರ್ಜಿ ತಿರಸ್ಕೃತವಾಯಿತು.

ಕಾರಣಗಳು ಸ್ಪಷ್ಟವಾಗಿದ್ದವು. ಊಟದ ಕೋಣೆಯ ಮೈಕ್ರೋವೇವಿನಲ್ಲಿ ಸದಾ ಸಾಸೇಜ್ ಸುತ್ತುತ್ತಿದ್ದುದರಿಂದ ಅವರು ನಿತ್ಯ ತಮ್ಮ ಕಾರಿನಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಅವರು ಸಸ್ಯಾಹಾರ ತಿಂದಿದ್ದನ್ನು ಕಂಡವರೇ ಕಚೇರಿಯಲ್ಲಿ ಇರಲಿಲ್ಲ. ಮೇಲಾಗಿ ಒಮ್ಮೆ ಸಸ್ಯಾಹಾರದ ಪೈ ನಿರಾಕರಿಸಿದ್ದಾರೆ, ಇನ್ನೊಮ್ಮೆ ತಮ್ಮ ಸಸ್ಯಾಹಾರವನ್ನು ಸ್ವಇಚ್ಛೆಯಿಂದ ಪರರಿಗೆ ಹಂಚಿದ್ದಾರೆ. ಇದು ಸಸ್ಯಾಹಾರಿಯ ಲಕ್ಷಣವಲ್ಲ ಎಂದು ಸಮಿತಿ ಒಮ್ಮತದಿಂದ ಅಭಿಪ್ರಾಯಪಟ್ಟಿತು. ಅವರ ವರ್ಗ: ಸಾಬೀತಾಗದ ಸಸ್ಯಾಹಾರಿ. ಅವರ ಪಾಲು: ಹ್ಯಾಮ್.

ಶಿವಪುತ್ರಪ್ಪನವರು ನೆವಿಲ್‌ರ ಕೋಣೆಗೆ ಹೋದರು.

“ನಾನು ಹುಟ್ಟಿದಾಗಿನಿಂದ ಸಸ್ಯಾಹಾರಿ.”

“ನನಗೆ ವೈಯಕ್ತಿಕವಾಗಿ ನಂಬಿಕೆ ಇದೆ. ಕಂಡವರು ಯಾರು?”

“ನಮ್ಮ ತಾಯಿ.”

“ಅವರು ಈ ಮಂಡಳಿಯ ನೌಕರರೇ?”

“ಅಲ್ಲ. ಗದಗಿನಲ್ಲಿದ್ದಾರೆ.”

“ನನ್ನ ಹೆಂಡತಿ ದಿನಾ ನೋಡುತ್ತಾಳೆ” ಎಂದು ಶಿವಪುತ್ರಪ್ಪನವರೇ ಸೇರಿಸಿದರು. ಅವರೂ ನೌಕರರಲ್ಲ ಎಂದು ನೆವಿಲ್ ವಿಷಾದಿಸಿದರು. ಆದರೂ ಸಮಿತಿ ಕಲ್ಲಲ್ಲ. ಊಟದ ದಿನ, ಊಟ ಆರಂಭವಾಗುವ ಮುನ್ನ, ಸರ್ವರ ಸಮಕ್ಷಮ ಒಂದು ತುತ್ತು ಸಸ್ಯಾಹಾರ ತಿಂದು ತೋರಿಸಿದರೆ ಸಾಬೀತಾದಂತೆ. ಬಾಕಿ ಅರ್ಜಿ ಇತ್ಯರ್ಥವಾಗುವವರೆಗೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ನ್ಯಾಯ ಎಂದರೆ ನ್ಯಾಯ.

“ನಾ ಶುಕ್ರವಾರಕ್ಕೊಮ್ಮೆ ಕುರಿ ತಿನ್ನಾವ,” ಎಂದು ಬದ್ರುದ್ದೀನ್ ಸಾಹೇಬರು ತಮ್ಮ ಪ್ರಮಾಣಪತ್ರ ಮಡಚಿಟ್ಟುಕೊಳ್ಳುತ್ತ ನೊಂದುಕೊಂಡರು. “ನನಗ ಕೊಟ್ಟಾರ, ನಿಮಗ ಕೊಟ್ಟಿಲ್ಲ. ಬೇಕಾದ್ರ ನಂದ ತಗೋರಿ.”

“ಬ್ಯಾಡ ಸಾಹೇಬ್ರ. ನಿಮ್ಮ ಹೆಸರಿಗೆ ಬಂದೈತಿ, ನೀವ ಇಟ್ಕೋರಿ.”

ಆ ದಿನ ಬಂತು. ಮೇಜಿನ ಮೇಲೆ ರೊಟ್ಟಿಯ ರಾಶಿ, ಎಣ್ಣೆಗಾಯಿಯ ಪಾತೇಲಿ, ಮಡಕೆಕಾಳಿನ ಪಲ್ಯ, ಬಟ್ಟೆ ಮುಚ್ಚಿದ ಹೋಳಿಗೆ, ತುಪ್ಪ. ಸಸ್ಯಾಹಾರಿಗಳ ಕಣ್ಣಿಗೆ ಬೀಳಬಾರದೆಂದು ಹ್ಯಾಮನ್ನು ಬ್ಯಾರಿಯ ಯೂಟ್ ಎಂಬ ಸಣ್ಣ ಸಾಮಾನು ಗಾಡಿಗೆ ಸಾಗಿಸಲಾಗಿತ್ತು. ಬ್ಯಾರಿಯನ್ನೂ ಅಲ್ಲೇ ಕೂರಿಸಲಾಗಿತ್ತು. ಸುತ್ತಲೂ ಪ್ರಮಾಣಪತ್ರ ಪಡೆದ ಸಸ್ಯಾಹಾರಿಗಳು ತಟ್ಟೆ ಹಿಡಿದು ನಿಂತರು. ರೇವಿನ್ ಒಂದು ತುಂಡು ರೊಟ್ಟಿಗೆ ಪಲ್ಯ ಹಚ್ಚಿ ಶಿವಪುತ್ರಪ್ಪನವರ ಮುಂದೆ ಹಿಡಿದಳು. ನೆವಿಲ್ ಕನ್ನಡಕ ಒರೆಸಿ ಹಾಕಿಕೊಂಡರು.

ಶಿವಪುತ್ರಪ್ಪನವರು ಆ ತುತ್ತನ್ನು ನೋಡಿದರು. ಒಂದು ತುತ್ತು ತಿಂದರೆ ಟೌರಂಗಾ, ಬಿಟ್ಟರೆ ಫ್ಲ್ಯಾಟ್ ಬುಷ್. ಆಮೇಲೆ ಸುತ್ತ ನಿಂತವರನ್ನು ನೋಡಿದರು. ತಮ್ಮ ಮನೆಯ ಅಡುಗೆ. ಎದುರಿಗೆ ಹಸಿದ ನಲವತ್ತು ಮಂದಿ ಅತಿಥಿಗಳು. ಅವರನ್ನು ನಿಲ್ಲಿಸಿ ಯಜಮಾನ ಮೊದಲು ಬಾಯಿ ಆಡಿಸುವುದೆಂದರೆ! ಕೈ ಮೇಲಕ್ಕೆ ಏಳಲಿಲ್ಲ.

“ಮೊದಲು ನೀವೆಲ್ಲ ಆರಂಭಿಸಿ,” ಎಂದರು.

“ನೀವು ತಿನ್ನದೆ ನಾವು ತಿನ್ನುವಂತಿಲ್ಲ,” ಎಂದರು ನೆವಿಲ್.

“ನೀವು ತಿನ್ನದೆ ನಾನು ತಿನ್ನುವಂತಿಲ್ಲ.”

“ಇದನ್ನು ನಿರಾಕರಣೆ ಎಂದು ಬರೆದುಕೊಳ್ಳಲೇ?” ಎಂದಳು ರೇವಿನ್.

“ಬರೆದುಕೊಳ್ಳಬೇಡ!” ಎಂದು ನಾಲ್ಕೈದು ಮಂದಿ ಒಟ್ಟಿಗೆ ಕೂಗಿದರು. ಅವರ ಕಣ್ಣು ಹೋಳಿಗೆಯ ಮೇಲಿತ್ತು.

ಬದ್ರುದ್ದೀನ್ ಸಾಹೇಬರು ಹತ್ತಿರ ಬಂದು, “ಶಿವಪುತ್ರಪ್ಪನವ್ರ, ನಿಮ್ಮ ಕಾಲ ಹಿಡೀತೀನಿ, ಒಂದ ತುತ್ತ ತಿನ್ರಿ. ಸರ್ಟಿಫಿಕೇಟ್ ಕಿಸೇದಾಗ ಇದ್ರೂ ನಾ ಉಪವಾಸ ಬೀಳಾಕತ್ತೀನಿ,” ಅಂದರು.

“ನಿಮ್ಮನ್ನ ಬಿಟ್ಟು ನಾ ಹ್ಯಾಂಗ ತಿನ್ನಲಿ ಸಾಹೇಬ್ರ? ನೀವು ತಗೋರಿ.”

“ಮತ್ತ ಅದ ಶುರು ಮಾಡಿದ್ರಿ?”

ಬಿಸಿಲು ಏರಿತು. ಯಾರೂ ತಿನ್ನಲಿಲ್ಲ, ಯಾರೂ ಕದಲಲಿಲ್ಲ. ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಮರೆತುಹೋದ ಮೊಸರಿನ ಡಬ್ಬಿ ಹಿಡಿದು ಬಸಲಿಂಗವ್ವನವರು ಇಳಿದರು, ಹಿಂದೆ ಪ್ರಾಚಿ. ಅವರು ಮೇಜು ನೋಡಿದರು, ಜನ ನೋಡಿದರು, ಗಂಡನ ಮುಖ ನೋಡಿದರು.

“ಇನ್ನೂ ತಿಂದಿಲ್ಲೇನ್ರಿ?”

“ಇವರು ತಿಂದಿಲ್ಲ.”

“ಇವರ್ಯಾಕ ತಿಂದಿಲ್ಲ?”

“ನಾ ತಿಂದಿಲ್ಲಂತ.”

ಬಸಲಿಂಗವ್ವನವರು ಮೊಸರಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾತೇಲಿಯ ಸೌಟು ಕೈಗೆ ತೆಗೆದುಕೊಂಡರು. “ಮೇಜಿನ ಮುಂದ ನಿಂತು ತಿನ್ನಾಕ ನೀವೇನ್ ಕುದರೀನ? ಕುಂದರ್ರಿ ಎಲ್ಲಾರೂ. ಸಾಲಾಗಿ. ನೀವೂ ಕುಂದರ್ರಿ. ಬಡಸಾಕಿ ನಾ ಇದ್ದೀನಿ.”

“ಮಮ್ ಸೇಸ್ ಸಿಟ್,” ಎಂದು ಪ್ರಾಚಿ ಅನುವಾದಿಸಿದಳು. “ಆನ್ ದ ಗ್ರೌಂಡ್. ಇನ್ ಎ ಲೈನ್.”

ಆ ದನಿಗೆ ಎದುರಾಡುವ ನಿಯಮ ಮಂಡಳಿಯಲ್ಲಿ ಇರಲಿಲ್ಲ. ಮುಖ್ಯಾಧಿಕಾರಿಯಿಂದ ಹಿಡಿದು ಎಲ್ಲರೂ ಪೊಹುಟುಕಾವಾದ ನೆರಳಲ್ಲಿ ಸಾಲಾಗಿ ಕೂತರು. ತಟ್ಟೆ ತೊಡೆಯ ಮೇಲೆ ನಿಲ್ಲದ ಕಾರಣ ಪ್ರತಿಯೊಬ್ಬರ ಮುಂದೆ ಒಂದೊಂದು ಹಣ್ಣಿನ ಟ್ರೇ ಇಡಲಾಯಿತು. ಶಿವಪುತ್ರಪ್ಪನವರೇ ಅಳತೆ ನೋಡಿ ಪಾಸು ಮಾಡಿದ ಟ್ರೇಗಳು. ಬಸಲಿಂಗವ್ವ ಬಡಿಸುತ್ತ ಹೋದರು. ನೆವಿಲ್ ರೊಟ್ಟಿಗೆ ಕೈ ಹಾಕಿದಾಗ ಸೌಟು ಗಾಳಿಯಲ್ಲೇ ನಿಂತಿತು. “ತಡೀರಿ. ಎಲ್ಲಾರಿಗೂ ಬೀಳಲಿ.” ಅನುವಾದ ಬೇಕಾಗಲಿಲ್ಲ. ಕೊನೆಯವರಿಗೂ ಬಿದ್ದ ಮೇಲೆ, “ಹೂಂ, ಈಗ,” ಅಂದರು.

ಎಲ್ಲರೂ ಏಕಕಾಲಕ್ಕೆ ತುತ್ತು ಎತ್ತಿದರು. ಪಂಕ್ತಿಯಲ್ಲಿ ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಶಿವಪುತ್ರಪ್ಪನವರು ಮೂರು ವರ್ಷಗಳ ಕ್ರಿಸ್ಮಸ್ ಊಟವನ್ನು ಒಂದೇ ಬಾರಿಗೆ ಉಂಡರು. ಎರಡನೆಯ ಹೋಳಿಗೆಗೆ ಬ್ಯಾಡ ಅಂದರು, ಸಾಕು ಅಂದರು, ಸ್ವಲ್ಪ ಹಾಕ್ರಿ ಅಂದರು. ಬಸಲಿಂಗವ್ವ ಆ ಮೂರಕ್ಕೂ ಕಿವಿಗೊಡದೆ ಮೊದಲೇ ಹಾಕಿ ಮುಂದೆ ಹೋಗಿದ್ದರು.

ಊಟ ಮುಗಿದ ಮೇಲೆ ಸಮಿತಿ ಅಲ್ಲೇ ಸಭೆ ಸೇರಿತು. ಶಿವಪುತ್ರಪ್ಪನವರು ಸಸ್ಯಾಹಾರ ಸೇವಿಸಿದ್ದನ್ನು ಕಂಡ ಇಬ್ಬರು ನೌಕರರು ಮುಂದೆ ಬರಬೇಕೆಂದು ನೆವಿಲ್ ಕೇಳಿದರು. ಯಾರೂ ಬರಲಿಲ್ಲ. ರೇವಿನ್ ತನ್ನ ಎಣ್ಣೆಗಾಯಿಯನ್ನು ನೋಡುತ್ತಿದ್ದಳು. ನೆವಿಲ್ ತಾವು ತುಪ್ಪ ನೋಡುತ್ತಿದ್ದುದಾಗಿ ಒಪ್ಪಿಕೊಂಡರು. ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಬದ್ರುದ್ದೀನ್ ಸಾಹೇಬರನ್ನು ಒತ್ತಿ ಕೇಳಲಾಯಿತು.

“ಸುಳ್ಳು ಹೇಳಲಾರೆ,” ಎಂದರು ಅವರು. “ಮುಂದೆ ಹೋಳಿಗೆ ಇದ್ದಾಗ ಪಕ್ಕದಲ್ಲಿ ಯಾರು ಏನು ತಿಂದರೆಂದು ಯಾರು ನೋಡುತ್ತಾರೆ?”

“ನಾ ನೋಡೀನಿ. ನಾನ ಬಡಸೀನಿ,” ಎಂದರು ಬಸಲಿಂಗವ್ವ. ಅವರು ನೌಕರರಲ್ಲ ಎಂದು ರೇವಿನ್ ವಿನಯದಿಂದ ನೆನಪಿಸಿದಳು.

ಹೀಗಾಗಿ ಶಿವಪುತ್ರಪ್ಪನವರು ಸಾಬೀತಾಗದ ಸಸ್ಯಾಹಾರಿಯಾಗಿಯೇ ಉಳಿದರು. ಪರೀಕ್ಷೆಯನ್ನು ಪ್ರತಿ ಡಿಸೆಂಬರಿನಲ್ಲೂ ಇದೇ ಪಂಕ್ತಿಯ ಕ್ರಮದಲ್ಲಿ, ಶ್ರೀಮತಿ ಬಸಲಿಂಗವ್ವನವರ ಉಪಸ್ಥಿತಿಯಲ್ಲಿ, ಫಲಿತಾಂಶ ದೊರೆಯುವವರೆಗೆ ನಡೆಸತಕ್ಕದ್ದೆಂದು ಠರಾವಾಯಿತು. ಎಲ್ಲರೂ ಕೈ ಎತ್ತಿದರು. ಶಿವಪುತ್ರಪ್ಪನವರ ಕೈ ಎಲ್ಲರಿಗಿಂತ ಮೇಲಿತ್ತು. ಪರೀಕ್ಷೆ ಅನಂತರದ ವರ್ಷಗಳಲ್ಲೂ ತಪ್ಪದೆ ನಡೆದಿದೆ. ಪ್ರತಿ ವರ್ಷವೂ ಅವರು ಹೊಟ್ಟೆ ತುಂಬ ಉಂಡು ಅನುತ್ತೀರ್ಣರಾಗಿದ್ದಾರೆ.

“ಫ್ಲ್ಯಾಟ್ ಬುಷ್?” ಎಂದು ಅವರು ಆ ಮೊದಲ ಪಂಕ್ತಿಯ ದಿನ ಪಾತ್ರೆ ಎತ್ತಿಡುವಾಗ ಮೆಲ್ಲಗೆ ಕೇಳಿದರು.

“ಯಾಕ್ರಿ? ಪರೀಕ್ಷಾ ಬಿಟ್ಟು ಎಲ್ಲಿ ಹೋಗ್ತೀರಿ?” ಅಂದರು ಬಸಲಿಂಗವ್ವ.

ಆಗ ಶಿವಪುತ್ರಪ್ಪನವರ ಕಣ್ಣು ಅಂಗಳದ ಆ ತುದಿಗೆ ಹೋಯಿತು. ನಿಲ್ಲಿಸಿದ ಯೂಟ್‌ನಲ್ಲಿ ಬ್ಯಾರಿ ಒಬ್ಬನೇ ಕೂತು, ತೊಡೆಯ ಮೇಲೆ ಹ್ಯಾಮ್ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಎಲ್ಲರಿಂದ ದೂರ ಕಾರಿನಲ್ಲಿ ಒಬ್ಬನೇ ಉಣ್ಣುವ ಊಟದ ರುಚಿ ಶಿವಪುತ್ರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಟ್ರೇಯಲ್ಲಿ ಹೋಳಿಗೆ ಇಟ್ಟುಕೊಂಡು ಹೋದರು. ಹೋಳಿಗೆಯನ್ನು ಅವನು ಮೊದಲ ಸಲಕ್ಕೇ ತೆಗೆದುಕೊಂಡ. ಆದರೆ ಹ್ಯಾಮಿನ ಕಡೆ ನೋಡಿ, ಒಬ್ಬನೇ ತಿನ್ನಲು ಮನಸ್ಸಿಲ್ಲ, ಸಾಕು ಅಂದ.

ಶಿವಪುತ್ರಪ್ಪನವರು ಹಣೆಯ ವಿಭೂತಿ ಒಮ್ಮೆ ಮುಟ್ಟಿಕೊಂಡು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಯೂಟ್‌ನ ಬಾಗಿಲಿಗೆ ಒರಗಿ ನಿಂತರು.

“ಹಾಗೆ ಅನ್ನಬಾರದು ಬ್ಯಾರಿ. ಹಬ್ಬದ ದಿನ. ನಾನು ಇಲ್ಲೇ ಇದ್ದೀನಿ. ಇನ್ನೊಂದು ತುಂಡು ತಗೊಳ್ಳಿ, ಸಂಕೋಚ ಬೇಡ.”

“ಬೇಡ.”

“ತಗೊಳ್ಳಿ.”

“ಸಾಕು.”

“ನನಗೋಸ್ಕರ.”

“ಹಾಗಾದರೆ ಸ್ವಲ್ಪ,” ಎಂದ ಬ್ಯಾರಿ. ಆ ಕಚೇರಿಯಲ್ಲಿ ರೀತಿ ತಿಳಿದವನು ಅವನೊಬ್ಬನೇ ಎಂದು ಶಿವಪುತ್ರಪ್ಪನವರು ಈಗಲೂ ಹೇಳುತ್ತಾರಂತೆ.

ಇಷ್ಟು ಬದ್ರುದ್ದೀನ್ ಸಾಹೇಬರು ನನಗೆ ಹೇಳಿದ್ದು, ನಾನು ನಿಮಗೆ ಹೇಳಿದ್ದು. ಇನ್ನು ಇದನ್ನು ನಿಮ್ಮ ಪಕ್ಕದವರಿಗೆ ದಾಟಿಸುವುದು ನಿಮ್ಮ ಪಾಲು. ಅವರು ಈಗ ಬ್ಯಾಡ ಅಂದಾರು, ಇನ್ನೊಮ್ಮೆ ಸಾಕು ಅಂದಾರು. ನೀವು ಬಿಡಬೇಡಿ. ಮೂರನೆಯ ಸಲವೂ ಒತ್ತಾಯ ಮಾಡಿ ಹೇಳಿ.